ಹೆಬ್ಬೆರಳು ಓರೆಯಾದ ಕಥೆ: ಶೂ, ನರ ಮತ್ತು ಸರ್ಜನ್‌ಗಳ 150 ವರ್ಷ

ಈ ಸಲದ ಸಂಚಿಕೆ ಕಾಲಿನ ಬೆರಳುಗಳ ಬಗ್ಗೆ. ಹೌದು, ಸರಿಯಾಗೇ ಕೇಳಿಸ್ಕೊಂಡ್ರಿ. ಸಾಮ್ರಾಜ್ಯ, ಯುದ್ಧ, ರಾಜವಂಶ ಎಲ್ಲಾ ಪಕ್ಕಕ್ಕಿಟ್ಟು ಇವತ್ತು ನಮ್ಮ ದೇಹದ ತುತ್ತತುದಿಯ ಚರಿತ್ರೆ ನೋಡೋಣ.

ಜಯನಗರ ನಾಲ್ಕನೇ ಬ್ಲಾಕಿನಲ್ಲೋ ಬನಶಂಕರಿಯಲ್ಲೋ ರಸ್ತೆ ಬದಿ ಚಪ್ಪಲಿ ರಿಪೇರಿ ಮಾಡುವವರ ಹತ್ತಿರ ಐದು ನಿಮಿಷ ನಿಂತರೆ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತೆ: "ಉಂಗುಷ್ಠ ಕಿತ್ತೋಗಿದೆ, ಸ್ವಲ್ಪ ಹಾಕ್ಕೊಡಿ." ಹೆಬ್ಬೆರಳಿಗೆ ಸಂಸ್ಕೃತದಲ್ಲಿ ಅಂಗುಷ್ಠ. ಆ ಬೆರಳನ್ನು ಹಿಡಿದಿಡುವ ಚಪ್ಪಲಿಯ ಪಟ್ಟಿ ನಮ್ಮ ಬಾಯಲ್ಲಿ ಉಂಗುಷ್ಠ. ಅಂದರೆ ನಮ್ಮ ಹಳೇ ಪಾದರಕ್ಷೆಗಳಲ್ಲಿ ಹಲವು ಹೆಬ್ಬೆರಳಿಗೆ ಬೇರೆಯೇ ಜಾಗ ಕೊಟ್ಟವು. ಮಠದ ಸ್ವಾಮಿಗಳ ಮರದ ಹಾವುಗೆಯಲ್ಲಿ ಎರಡು ಬೆರಳಿನ ನಡುವೆ ಒಂದು ಗುಬಟು. ತೊಗಲಿನ ಚಪ್ಪಲಿಯಲ್ಲಿ ಬೆರಳಿಗೊಂದು ಉಂಗುರ. ಹೆಬ್ಬೆರಳನ್ನ ಉಳಿದ ನಾಲ್ಕರ ಜೊತೆ ಒಂದೇ ಚೀಲಕ್ಕೆ ತುಂಬಿದ್ದು ಮುಚ್ಚಿದ ಶೂ.

ಶ್ರವಣಬೆಳಗೊಳದ ಗೊಮ್ಮಟನ ಪಾದ ನೆನಪಿಸ್ಕೊಳ್ಳಿ. 981ರ ಸುಮಾರಿಗೆ ನಿಂತ ಮೂರ್ತಿ. ಹಳೇ ಅಳತೆಗಳ ಪ್ರಕಾರ ಪಾದದ ಉದ್ದ 9 ಅಡಿ, ಹೆಬ್ಬೆರಳೊಂದೇ 2 ಅಡಿ 9 ಇಂಚು. ಅದನ್ನ ಕಡೆದ ಶಿಲ್ಪಿಗಳ ಸುತ್ತ ಓಡಾಡುತ್ತಿದ್ದ ಜನರಲ್ಲಿ ಮುಚ್ಚಿದ ಶೂ ಹಾಕಿದವರು ಬಹುಶಃ ಇರಲಿಲ್ಲ. ಅವರ ಕಣ್ಣಿಗೆ ಪಾದ ಅಂದ್ರೆ ಬೆರಳು ಬಿಡಿಸಿಕೊಂಡ ಪಾದವೇ.

ಒಳಗೆ ಏನಿದೆ?

ನಾನು ಓದಿದ್ದು ಬಿ.ಕಾಂ. ಡಾಕ್ಟರ್ ಅಲ್ಲ. ಆದ್ರೆ ಈ ವಿಷಯ ಓದ್ತಾ ಓದ್ತಾ ಒಂದು ಗೊತ್ತಾಯ್ತು: ಪಾದ ಅನ್ನೋದು ಡಬಲ್ ಎಂಟ್ರಿ ಲೆಕ್ಕ. ಒಂದು ಬೆರಳಿನ ಖಾತೆಯಿಂದ ಭಾರ ತೆಗೆದ್ರೆ ಅದು ಮಾಯ ಆಗಲ್ಲ, ಪಕ್ಕದ ಬೆರಳಿನ ಖಾತೆಗೆ ಜಮಾ ಆಗುತ್ತೆ. ಈ ಒಂದು ಮಾತು ನೆನಪಿಟ್ಟುಕೊಂಡ್ರೆ ಮುಂದಿನ ಇತಿಹಾಸವೆಲ್ಲಾ ಅರ್ಥ ಆಗುತ್ತೆ.

ಒಂದು ಪಾದದಲ್ಲಿ 26 ಮೂಳೆ. ಅದರಲ್ಲಿ 14 ಬೆರಳುಗಳಲ್ಲೇ ಇವೆ. ಹೆಬ್ಬೆರಳಿಗೆ ಎರಡು, ಉಳಿದವಕ್ಕೆ ಮೂರು ಮೂರು. ಬೆರಳುಗಳ ಹಿಂದೆ ಪಾದದ ಉದ್ದಕ್ಕೆ ಐದು ಉದ್ದನೆಯ ಮೂಳೆ. ಹೆಬ್ಬೆರಳಿನ ಹಿಂದಿನ ಉದ್ದ ಮೂಳೆಯ ತಲೆಯ ಕೆಳಗೆ ಕಡಲೆಕಾಳಿನಂಥ ಎರಡು ಪುಟ್ಟ ಮೂಳೆಗಳಿವೆ. ಇವನ್ನ 26ರ ಲೆಕ್ಕಕ್ಕೆ ಸೇರಿಸಲ್ಲ. ಆದರೆ ನಡೆಯುವಾಗ ಭಾರದ ದೊಡ್ಡ ಪಾಲು ಇವುಗಳ ಮೇಲೇ ಬೀಳೋದು.

1954ರಲ್ಲಿ ಇಂಗ್ಲೆಂಡಿನ ಹಿಕ್ಸ್ ಅನ್ನೋರು ಒಂದು ಚಂದದ ವಿಷಯ ವಿವರಿಸಿದ್ರು. ಹಿಮ್ಮಡಿಯಿಂದ ಬೆರಳಿನ ಬುಡದವರೆಗೆ ಅಂಗಾಲಿನಲ್ಲಿ ಒಂದು ಗಟ್ಟಿ ಪಟ್ಟಿ ಇದೆ. ಹೆಜ್ಜೆ ಎತ್ತುವಾಗ ಹೆಬ್ಬೆರಳು ಮೇಲಕ್ಕೆ ಬಾಗುತ್ತಲ್ಲ, ಆಗ ಆ ಪಟ್ಟಿ ಬಾವಿಯ ರಾಟೆಗೆ ಹಗ್ಗ ಸುತ್ತಿದ ಹಾಗೆ ಮೂಳೆಯ ತಲೆಗೆ ಸುತ್ತಿಕೊಳ್ಳುತ್ತೆ. ಅಂಗಾಲಿನ ಕಮಾನು ಮೇಲೇಳುತ್ತೆ, ಪಾದ ಗಟ್ಟಿ ಕೋಲಿನಂತಾಗಿ ನಮ್ಮನ್ನ ಮುಂದಕ್ಕೆ ತಳ್ಳುತ್ತೆ. ಬೇಕಾದ್ರೆ ಈಗಲೇ ನಿಂತುಕೊಂಡು ಕೈಯಿಂದ ಹೆಬ್ಬೆರಳು ಎತ್ತಿ ನೋಡಿ, ಕಮಾನು ಏಳುತ್ತೆ.

ಇನ್ನು ಸಣ್ಣ ಬೆರಳುಗಳು. ಕಾಲಿನಿಂದ ಇಳಿದು ಬರುವ ಉದ್ದ ಸ್ನಾಯುಗಳಲ್ಲಿ ಒಂದು ಗುಂಪು ಬೆರಳನ್ನ ಮೇಲಕ್ಕೆ, ಇನ್ನೊಂದು ಗುಂಪು ಕೆಳಕ್ಕೆ ಎಳೆಯುತ್ತೆ. ಇವೆರಡೂ ಬಲಶಾಲಿಗಳು. ಇವುಗಳ ನಡುವೆ ಬೆರಳನ್ನ ನೇರವಾಗಿ ಹಿಡಿದಿಡೋದು ಪಾದದೊಳಗೇ ಇರುವ ಸಣ್ಣ ಸಣ್ಣ ಸ್ನಾಯುಗಳು. ಆಫೀಸಿನಲ್ಲಿ ಇಬ್ಬರು ದೊಡ್ಡ ಸಾಹೇಬರ ನಡುವೆ ಕೆಲಸ ನಡೆಸೋ ಗುಮಾಸ್ತರ ಥರ. ಗುಮಾಸ್ತರು ರಜೆ ಹಾಕಿದ್ರೆ? ಬುಡದ ಕೀಲು ಮೇಲಕ್ಕೆ, ಮುಂದಿನ ಕೀಲುಗಳು ಕೆಳಕ್ಕೆ ಬಾಗುತ್ತವೆ. ಹಕ್ಕಿಯ ಉಗುರಿನ ಹಾಗೆ. ಇದೇ ಕ್ಲಾ ಟೋ. ಮಧ್ಯದ ಕೀಲು ಮಾತ್ರ ಬಾಗಿದ್ರೆ ಹ್ಯಾಮರ್ ಟೋ, ತುದಿಯ ಕೀಲು ಮಾತ್ರ ಬಾಗಿದ್ರೆ ಮ್ಯಾಲೆಟ್ ಟೋ. ಆಗ ಗೆಣ್ಣು ಶೂಗೆ ಉಜ್ಜುತ್ತೆ, ತುದಿ ನೆಲಕ್ಕೆ ಕುಟ್ಟುತ್ತೆ, ಅಂಗಾಲಿನ ಮೆತ್ತೆ ಮುಂದಕ್ಕೆ ಸರಿದು ಮೂಳೆಯ ತಲೆ ನೇರ ನೆಲಕ್ಕೆ ತಾಗುತ್ತೆ. ನಾವು ಕಾಲಾಣಿ ಅಂತೀವಲ್ಲ, ಅದರಲ್ಲಿ ಎಷ್ಟೋ ಈ ಜಾಗಗಳಲ್ಲೇ ಹುಟ್ಟೋದು.

ಇಲ್ಲಿಂದ ಕಥೆ ಎರಡು ದಾರಿಯಾಗುತ್ತೆ. ಒಂದು ಶೂನಿಂದ ಓರೆಯಾದ ಬೆರಳು, ಇನ್ನೊಂದು ನರದಿಂದ ಓರೆಯಾದ ಬೆರಳು.

ಮೊದಲ ದಾರಿ: ಶೂ

14ನೇ ಶತಮಾನದ ಇಂಗ್ಲೆಂಡಿನಲ್ಲಿ ಚೂಪು ಮೂತಿಯ ಶೂ ಫ್ಯಾಷನ್ ಬಂತು. ಮೂತಿ ಎಷ್ಟು ಉದ್ದವಾಯ್ತು ಅಂದ್ರೆ 1463ರಲ್ಲಿ ದೊರೆ ನಾಲ್ಕನೇ ಎಡ್ವರ್ಡ್ ಕಾಲದಲ್ಲಿ, ದೊಡ್ಡ ಮನೆತನದವರನ್ನ ಬಿಟ್ಟು ಉಳಿದವರ ಶೂ ಮೂತಿ 2 ಇಂಚು ಮೀರಬಾರದು ಅಂತ ಕಾನೂನೇ ಬಂತು. ಕೇಂಬ್ರಿಡ್ಜ್‌ನಲ್ಲಿ ಆ ಕಾಲದ 177 ಅಸ್ಥಿಪಂಜರಗಳನ್ನ ಪರೀಕ್ಷಿಸಿದ ಅಧ್ಯಯನ 2021ರಲ್ಲಿ ಪ್ರಕಟವಾಯ್ತು. 11ರಿಂದ 13ನೇ ಶತಮಾನದವರಲ್ಲಿ ಶೇ. 6ರಷ್ಟು ಜನರಿಗೆ ಹೆಬ್ಬೆರಳು ಓರೆಯಾಗಿತ್ತು. 14–15ನೇ ಶತಮಾನದವರಲ್ಲಿ ಶೇ. 27.

1958ರಲ್ಲಿ ಹಾಂಕಾಂಗ್‌ನಲ್ಲಿ ಸಿಮ್-ಫೂಕ್ ಮತ್ತು ಹಾಡ್ಜ್‌ಸನ್ ಇದನ್ನೇ ಬದುಕಿರೋ ಜನರಲ್ಲಿ ನೋಡಿದ್ರು. ಶೂ ಹಾಕುವವರಲ್ಲಿ ಶೇ. 33, ಬರಿಗಾಲಿನವರಲ್ಲಿ ಶೇ. 1.9. ಹಾಗಂತ ಎಲ್ಲಾ ತಪ್ಪೂ ಶೂ ತಲೆಗೆ ಕಟ್ಟೋಕಾಗಲ್ಲ. ಮನೆತನದಲ್ಲಿ ಬರುತ್ತೆ, ಕೀಲು ಸಡಿಲ ಇರುವವರಿಗೆ ಬರುತ್ತೆ, ಹೆಂಗಸರಲ್ಲಿ ಹೆಚ್ಚು. ಶೂ ಇದಕ್ಕೆಲ್ಲಾ ಒತ್ತಾಸೆ ಕೊಡುತ್ತೆ ಅಷ್ಟೆ.

ಇದಕ್ಕೆ ನಮ್ಮ ಕರ್ನಾಟಕದ ಕೊಡುಗೆಯೂ ಇದೆ. ಕರಾವಳಿಯ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ಉದಯ ಭಾಸ್ಕರ ರಾವ್ ಮತ್ತು ಬೆಂಜಮಿನ್ ಜೋಸೆಫ್ 4ರಿಂದ 13 ವರ್ಷದ 2300 ಮಕ್ಕಳ ಹೆಜ್ಜೆಗುರುತು ತೆಗೆದ್ರು. 1992ರಲ್ಲಿ ಬ್ರಿಟನ್ನಿನ ಮೂಳೆ ಶಸ್ತ್ರಚಿಕಿತ್ಸೆಯ ಪ್ರಮುಖ ಪತ್ರಿಕೆಯಲ್ಲಿ ಪ್ರಕಟಿಸಿದ್ರು. ಅವರು ನೋಡಿದ್ದು ಬೆರಳನ್ನಲ್ಲ, ಚಪ್ಪಟೆ ಪಾದವನ್ನ. ಪಾದರಕ್ಷೆ ಹಾಕುವ ಮಕ್ಕಳಲ್ಲಿ ಶೇ. 8.6, ಬರಿಗಾಲಿನ ಮಕ್ಕಳಲ್ಲಿ ಶೇ. 2.8. ಮುಚ್ಚಿದ ಶೂ ಹಾಕಿದವರಲ್ಲಿ ಅತಿ ಹೆಚ್ಚು, ಸ್ಯಾಂಡಲ್ ಚಪ್ಪಲಿಯವರಲ್ಲಿ ಅದಕ್ಕಿಂತ ಕಡಿಮೆ, ಬರಿಗಾಲಿನವರಲ್ಲಿ ಎಲ್ಲಕ್ಕಿಂತ ಕಡಿಮೆ. 1995ರಲ್ಲಿ ಸಚ್ಚಿದಾನಂದಂ ಮತ್ತು ಜೋಸೆಫ್ 1846 ವಯಸ್ಕರನ್ನ ನೋಡಿದಾಗಲೂ ದಿಕ್ಕು ಅದೇ. 6 ವರ್ಷಕ್ಕೂ ಮುಂಚೆ ಶೂ ಶುರು ಮಾಡಿದವರಲ್ಲಿ ಶೇ. 3.24, 16ರ ನಂತರ ಶುರು ಮಾಡಿದವರಲ್ಲಿ ಶೇ. 1.75. ನೋವಿಲ್ಲದ ಮೆತ್ತನೆ ಚಪ್ಪಟೆ ಪಾದ ದೊಡ್ಡ ರೋಗವೇನಲ್ಲ. ಆದ್ರೂ ಬೆಳೆಯೋ ಪಾದ ತನ್ನ ಸುತ್ತ ಏನಿದೆಯೋ ಅದರಂತೆ ರೂಪ ತಾಳುತ್ತೆ ಅನ್ನೋದನ್ನ ಲೋಕಕ್ಕೆ ಅಂಕಿಯಲ್ಲಿ ತೋರಿಸಿದ್ದು ನಮ್ಮ ಕರಾವಳಿಯ ಮಕ್ಕಳ ಪಾದ.

ಇಲ್ಲಿ ಒಂದು ಮಾತು ಹೇಳಲೇಬೇಕು. "ಹಾಗಾದ್ರೆ ಹಿಂದಿನವರ ಹಾಗೆ ಬರಿಗಾಲಲ್ಲೇ ಇರೋಣ" ಅನ್ನೋದು ಸುಲಭ. ಆದ್ರೆ ಬರಿಗಾಲು ಎಲ್ಲರ ಆಯ್ಕೆ ಆಗಿರಲಿಲ್ಲ. ಚಪ್ಪಲಿ ಹೊಲಿಯುವವರೇ ಚಪ್ಪಲಿ ಮೆಟ್ಟಿ ಮೇಲ್ಜಾತಿಯವರ ಬೀದಿಯಲ್ಲಿ ನಡೆಯುವಂತಿಲ್ಲದ ನಾಡು ಇದು. ಹರಳಯ್ಯ ಮತ್ತು ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನಿಗೆ ಚಮ್ಮಾವುಗೆ ಮಾಡಿದ ಕಥೆಯನ್ನ ಇವತ್ತಿಗೂ ಹೇಳ್ತೀವಿ, ಯಾಕಂದ್ರೆ ಪಾದರಕ್ಷೆ ನಮ್ಮಲ್ಲಿ ಬರೀ ಪಾದದ ವಿಷಯ ಆಗಿರಲಿಲ್ಲ. 2015–16ರಿಂದ ಸರ್ಕಾರಿ ಶಾಲೆ ಮಕ್ಕಳಿಗೆ ಕಪ್ಪು ಶೂ, ಸಾಕ್ಸ್ ಕೊಡೋ ಯೋಜನೆ ಬಂದಾಗ, ಅದರಲ್ಲಿ ಮುಳ್ಳು, ಕೊಕ್ಕೆಹುಳುವಿನಿಂದ ರಕ್ಷಣೆಯೂ ಇತ್ತು, ಮರ್ಯಾದೆಯೂ ಇತ್ತು. ಹಾಗಾಗಿ ಪ್ರಶ್ನೆ ಶೂ ಬೇಕೋ ಬೇಡವೋ ಅಂತಲ್ಲ. ಬೆರಳಿಗೆ ಜಾಗ ಇದೆಯೋ ಇಲ್ಲವೋ ಅಂತ.

ಗಂಟು ಕೆತ್ತಿದ್ರೆ ಸಾಕಾ?

ಓರೆಯಾದ ಹೆಬ್ಬೆರಳಿಗೆ ಹ್ಯಾಲಕ್ಸ್ ವಾಲ್ಗಸ್ ಅಂತ ಹೆಸರಿಟ್ಟದ್ದು 1870ರ ಸುಮಾರಿಗೆ ಜರ್ಮನಿಯ ಕಾರ್ಲ್ ಹ್ಯೂಟರ್. ಪಾದದ ಒಳಬದಿಯಲ್ಲಿ ಗಂಟು ಕಾಣುತ್ತಲ್ಲ, ಬನಿಯನ್ ಅಂತಾರೆ. ಮೂಳೆ ಬೆಳೆದಿದೆ ಅಂತ ಅನ್ಸುತ್ತೆ. ಬಹುಪಾಲು ಅದು ಬೆಳೆದದ್ದಲ್ಲ, ಸರಿದದ್ದು. ಉದ್ದ ಮೂಳೆ ಒಳಕ್ಕೆ ವಾಲಿದೆ, ಬೆರಳು ಹೊರಕ್ಕೆ ವಾಲಿದೆ, ಅವೆರಡರ ನಡುವಿನ ಮೊಣಕೈಯೇ ಆ ಗಂಟು. ವಿಚಿತ್ರ ಏನಂದ್ರೆ ಆ ಉದ್ದ ಮೂಳೆಯ ತಲೆಗೆ ಯಾವ ಸ್ನಾಯುವೂ ನೇರ ಅಂಟಿಕೊಂಡಿಲ್ಲ. ಕೆಳಗಿನ ಎರಡು ಕಡಲೆಕಾಳುಗಳ ಮೇಲೆ ತೊಟ್ಟಿಲಿನಲ್ಲಿದ್ದಂತೆ ಇದೆ. ಒಮ್ಮೆ ತೊಟ್ಟಿಲಿನಿಂದ ಜಾರಿತು ಅಂದ್ರೆ ನಿನ್ನೆವರೆಗೆ ಬೆರಳನ್ನ ನೇರವಾಗಿಟ್ಟಿದ್ದ ಸ್ನಾಯುಗಳೇ ಇವತ್ತು ಅದನ್ನ ಇನ್ನಷ್ಟು ಓರೆಗೆ ಎಳೆಯುತ್ತವೆ.

ಇದು ಅರ್ಥ ಆಗೋಕೆ ಸರ್ಜನ್‌ಗಳಿಗೆ ಹಲವು ದಶಕ ಬೇಕಾಯ್ತು. ಮೊದಲಿಗೆ ಗಂಟು ಮಾತ್ರ ಕೆತ್ತಿದ್ರು. ಕಾರಣ ಹಾಗೇ ಇತ್ತು, ಓರೆ ಮತ್ತೆ ಬಂತು. 1881ರಲ್ಲಿ ಜಿನೀವಾದ ರೆವರ್ಡಿನ್ ಮೂಳೆಯನ್ನೇ ಕತ್ತರಿಸಿ ಕೋನ ತಿದ್ದುವ ದಾರಿ ತೋರಿಸಿದ್ರು. 1895ರಲ್ಲಿ ಎಕ್ಸ್-ರೇ ಬಂದ ಮೇಲೆ ಕೋನ ಅಳೆಯೋಕಾಯ್ತು. 1904ರಲ್ಲಿ ಅಮೆರಿಕ ಸೇನೆಯ ಕೆಲ್ಲರ್ ಬೆರಳಿನ ಮೊದಲ ಮೂಳೆಯ ಬುಡವನ್ನೇ ತೆಗೆದುಹಾಕೋ ವಿಧಾನ ಹೇಳಿದ್ರು. ಬೆರಳೇನೋ ನೇರ ಆಯ್ತು, ಆದರೆ ಗಿಡ್ಡವಾಯ್ತು, ನೆಲ ಒತ್ತುವ ಬಲ ಹೋಯ್ತು, ಭಾರ ಎರಡನೇ ಬೆರಳಿನ ಬುಡಕ್ಕೆ ವರ್ಗವಾಯ್ತು. ನೋಡಿ, ಡಬಲ್ ಎಂಟ್ರಿ. 1928ರಲ್ಲಿ ಮೆಕ್‌ಬ್ರೈಡ್ ಎಳೆಯುತ್ತಿದ್ದ ಸ್ನಾಯುವನ್ನ ಬಿಡಿಸಿದ್ರು, ಜೊತೆಗೆ ಒಂದು ಕಡಲೆಕಾಳು ಮೂಳೆಯನ್ನೂ ತೆಗೆದ್ರು. ಕೆಲವರ ಬೆರಳು ಈಗ ಎದುರು ದಿಕ್ಕಿಗೆ ವಾಲಿತು. 1934ರಲ್ಲಿ ಲ್ಯಾಪಿಡಸ್ ಪಾದದ ಮಧ್ಯಭಾಗದ ಕೀಲನ್ನ ಬೆಸೆದ್ರು. ಓರೆ ಶುರುವಾಗೋದು ಬುಡದಲ್ಲೇ ಅನ್ನೋದು ಅವರ ವಾದ.

ಇವತ್ತಿಗೆ ಈ ಒಂದು ಬೆರಳಿಗೆ ನೂರಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳ ವಿವರಣೆ ಇದೆ. ಒಂದು ತೊಂದರೆಗೆ ನೂರು ಪರಿಹಾರ ಇದೆ ಅಂದ್ರೆ ಏನರ್ಥ? ಎಲ್ಲರಿಗೂ ಒಪ್ಪೋ ಒಂದೇ ಪರಿಹಾರ ಇಲ್ಲ ಅಂತ. ಕೋನ ಎಷ್ಟು, ಕೀಲು ಸವೆದಿದೆಯಾ, ಬುಡ ಸಡಿಲ ಇದೆಯಾ, ಇದೆಲ್ಲಾ ನೋಡಿ ಆರಿಸಬೇಕು.

ಸಣ್ಣ ಬೆರಳುಗಳ ಕಷ್ಟ ಬೇರೆ. ಕೈಯಿಂದ ಒತ್ತಿದ್ರೆ ನೇರ ಆಗುತ್ತಾ ಇಲ್ವಾ ಅನ್ನೋದೇ ಮೊದಲ ಪ್ರಶ್ನೆ. ಆಗೋದಾದ್ರೆ ಸ್ನಾಯುವಿನ ಹುರಿ, ಅಂದ್ರೆ ಟೆಂಡನ್, ಇದನ್ನ ಸ್ಥಳಾಂತರಿಸಿದ್ರೆ ಸಾಕಾಗಬಹುದು. 1951ರಲ್ಲಿ ಟೇಲರ್ ಪ್ರಕಟಿಸಿದ ವಿಧಾನ ಇದೇ. ಬೆರಳನ್ನ ಕೆಳಕ್ಕೆ ಎಳೆಯೋ ಟೆಂಡನ್ ಬಿಡಿಸಿ ಮೇಲ್ಭಾಗಕ್ಕೆ ತಂದು ಹೊಲಿಯೋದು. ಕೆಡಿಸುತ್ತಿದ್ದವನ ಕೈಗೇ ಕಾವಲು ಕೊಟ್ಟ ಹಾಗೆ. ಬೆರಳು ಸೆಟೆದಿದ್ರೆ ಮಾತ್ರ ಮೂಳೆ ಸ್ವಲ್ಪ ತೆಗೆದು, ತಂತಿ ಹಾಕಿ, ಕೀಲು ಬೆಸೆಯಬೇಕು. ಇಲ್ಲೊಂದು ಅಪಾಯ ಇದೆ. ಪ್ರತಿ ಬೆರಳಿಗೆ ರಕ್ತ ಬರೋದು ಅಕ್ಕಪಕ್ಕದ ದಾರದಂಥ ರಕ್ತನಾಳಗಳಲ್ಲಿ. ವರ್ಷಗಟ್ಟಲೆ ಮಡಿಸಿಕೊಂಡಿದ್ದ ಬೆರಳನ್ನ ಒಮ್ಮೆಲೇ ನೇರ ಮಾಡಿದ್ರೆ ಆ ನಾಳ ಬಿಗಿದು ಬೆರಳು ಬಿಳಿಚಿಕೊಳ್ಳಬಹುದು. ಆಗ ಸರ್ಜನ್ ತಂತಿ ತೆಗೆದು ಬೆರಳನ್ನ ಸ್ವಲ್ಪ ಬಾಗೋಕೆ ಬಿಡ್ತಾರೆ. ಪೂರ್ತಿ ನೇರದ ಬೆರಳಿಗಿಂತ ಬದುಕಿರೋ ಬೆರಳು ಮುಖ್ಯ.

ಇನ್ನೊಂದು ನಮ್ಮದೇ ಪ್ರಶ್ನೆ. ಸವೆದ ಹೆಬ್ಬೆರಳಿನ ಕೀಲನ್ನ ಬೆಸೆದ್ರೆ ನೋವು ಹೋಗುತ್ತೆ, ಆದ್ರೆ ಬಾಗಲ್ಲ. ಕುರ್ಚಿ ಮೇಲೆ ಬದುಕುವವರಿಗೆ ಸರಿ. ಕುಕ್ಕರಗಾಲಲ್ಲಿ ಕೂತು ರಂಗೋಲಿ ಹಾಕೋರಿಗೆ, ಮನೆಯಲ್ಲಿ ಇಂಡಿಯನ್ ಟಾಯ್ಲೆಟ್ ಇರೋರಿಗೆ, ನಮಾಜಿನಲ್ಲಿ ಬೆರಳು ಮಡಿಸಿ ಕೂರೋರಿಗೆ ಅದೇ ದೊಡ್ಡ ನಷ್ಟ. "ನಾನು ದಿನಾ ಹೀಗೆ ಕೂರ್ತೀನಿ, ಆಮೇಲೂ ಆಗುತ್ತಾ?" ಅಂತ ಡಾಕ್ಟರನ್ನ ಮುಂಚೆನೇ ಕೇಳಿ.

ಎರಡನೇ ದಾರಿ: ನರ

ನಮ್ಮ ದಕ್ಷಿಣ ಭಾರತದಲ್ಲಿ ಬೆರಳು ತಿದ್ದುವ ವಿದ್ಯೆ ಬೆಳೆದದ್ದು ಫ್ಯಾಷನ್ ಶೂನಿಂದಲ್ಲ, ಕುಷ್ಠರೋಗದಿಂದ. ಆ ರೋಗ ಹಿಮ್ಮಡಿಯ ಒಳಬದಿಯಲ್ಲಿ ಹಾದುಹೋಗುವ ನರವನ್ನ ಹಾಳುಮಾಡಿದಾಗ ಎರಡು ನಷ್ಟ. ಗುಮಾಸ್ತ ಸ್ನಾಯುಗಳು ಸತ್ತು ಬೆರಳು ಕೊಕ್ಕೆಯಾಗುತ್ತೆ, ಅಂಗಾಲಿನ ಸ್ಪರ್ಶಜ್ಞಾನ ಹೋಗುತ್ತೆ. ಗಾಯ ಆದ್ರೂ ತಿಳಿಯಲ್ಲ, ಅದರ ಮೇಲೇ ನಡೀತಾರೆ.

ಪಾಲ್ ಬ್ರ್ಯಾಂಡ್ ಹುಟ್ಟಿದ್ದು 1914ರಲ್ಲಿ ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ. 1946ರಲ್ಲಿ ವೇಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಸರ್ಜನ್ ಆಗಿ ಬಂದ್ರು. ಕುಷ್ಠರೋಗಿಗಳ ಮಾಂಸವೇ ಕೆಟ್ಟದ್ದು, ಕೊಯ್ದರೆ ಮಾಯಲ್ಲ, ಬೆರಳು ತಾನಾಗೇ ಉದುರುತ್ತೆ ಅಂತ ಜನ ನಂಬಿದ್ದ ಕಾಲ. ಬ್ರ್ಯಾಂಡ್ ಮತ್ತು ಜೊತೆಗಾರರು ನೋಡಿದ್ದು ಬೇರೆ. ಮಾಂಸ ಎಲ್ಲರ ಹಾಗೇ ಮಾಯುತ್ತೆ. ಬೆರಳು ಉದುರಲ್ಲ, ನೋವೇ ತಿಳಿಯದ್ದರಿಂದ ಸುಟ್ಟು, ಉಜ್ಜಿ, ಕೀವಾಗಿ ಸವೆದುಹೋಗುತ್ತೆ. 1948ರಿಂದ ಕೈಗಳಿಗೆ ಟೆಂಡನ್ ಸ್ಥಳಾಂತರ ಶುರು ಮಾಡಿದ್ರು, ಮುಂದೆ ಪಾದಕ್ಕೂ ಬಂದ್ರು. ಆಗ ಕಲಿತ ಪಾಠ: ಬೆರಳು ಎಷ್ಟೇ ಚೆನ್ನಾಗಿ ನೇರ ಮಾಡಿದ್ರೂ ರೋಗಿ ಗಟ್ಟಿ ಚಪ್ಪಲಿ ಹಾಕ್ಕೊಂಡು ಹೋದ್ರೆ ಹುಣ್ಣು ಮತ್ತೆ ಬರುತ್ತೆ. ಹಾಗಾಗಿ ಆಪರೇಷನ್ ಥಿಯೇಟರಿನ ಜೊತೆಗೆ ಚಪ್ಪಲಿ ಮಾಡೋರೂ ಬೇಕಾದ್ರು. ಎಂಸಿಆರ್ ಅಂತ ಇವತ್ತು ಅಂಗಡಿಗಳಲ್ಲಿ ಸಿಗೋ ಮೆತ್ತನೆ ರಬ್ಬರ್ ಅಟ್ಟೆಯ ಚಪ್ಪಲಿ ಬಳಕೆಗೆ ಬಂದದ್ದು ಈ ಪಾದಗಳಿಗಾಗಿ.

ನಮ್ಮೂರಲ್ಲಿ ಮಾಗಡಿ ರಸ್ತೆಯ ಸುಮನಹಳ್ಳಿ ಅಂದ್ರೆ ಈಗ ಫ್ಲೈಓವರ್, ಟ್ರಾಫಿಕ್ಕು. ಆ ಹೆಸರು ಕುಷ್ಠರೋಗದಿಂದ ಗುಣವಾದವರ ಪುನರ್ವಸತಿ ಕೇಂದ್ರದ್ದು. 1980ರ ದಶಕದಲ್ಲಿ ಬಹು ಔಷಧ ಚಿಕಿತ್ಸೆ ಬಂದ ಮೇಲೆ ರೋಗ ಇಳಿಯಿತು. ಆದರೆ ಆ ಪಾದಗಳಿಂದ ಕಲಿತ ವಿದ್ಯೆಗೆ ಹೊಸ ಗಿರಾಕಿ ಬಂದ: ಸಕ್ಕರೆ ಕಾಯಿಲೆ. ಬ್ರ್ಯಾಂಡ್ 1966ರಲ್ಲಿ ಅಮೆರಿಕದ ಕಾರ್ವಿಲ್‌ಗೆ ಹೋದಾಗ ಅಲ್ಲಿಯ ಮಧುಮೇಹಿಗಳ ಪಾದದಲ್ಲೂ ಇದೇ ಕಥೆ ಕಂಡ್ರು. ಅದೇ ಸ್ಪರ್ಶವಿಲ್ಲದ ಅಂಗಾಲು, ಅದೇ ಕೊಕ್ಕೆ ಬೆರಳು.

ಇದು ನಮ್ಮನೆಗೂ ಬಂದ ಕಥೆ. ಜೆ.ಪಿ. ನಗರದಲ್ಲಿದ್ದ ನಮ್ಮ ತಾತನಿಗೆ ಇಪ್ಪತ್ತು ವರ್ಷ ಶುಗರ್. ಏಪ್ರಿಲ್ ಬಿಸಿಲಲ್ಲಿ ದೇವಸ್ಥಾನದ ಕಲ್ಲುಹಾಸಿನ ಮೇಲೆ ಪ್ರದಕ್ಷಿಣೆ ಹಾಕಿ ಬಂದ್ರು. ಬೊಕ್ಕೆ ಎದ್ದದ್ದು ಅವರಿಗೆ ಗೊತ್ತೇ ಆಗಲಿಲ್ಲ. ನಾಲ್ಕನೇ ದಿನ ಸಾಕ್ಸ್ ವಾಸನೆ ಬಂದಾಗ ಅಜ್ಜಿ ನೋಡಿದ್ದು. ಹೆಬ್ಬೆರಳು ಉಳಿಯಲಿಲ್ಲ. ಆಮೇಲೆ ಆರು ತಿಂಗಳಿಗೆ ಎರಡನೇ ಬೆರಳಿನ ಬುಡದಲ್ಲಿ ಹುಣ್ಣು. ಯಾಕೆ ಅಂತ ಆಗ ನಮಗೆ ಯಾರಿಗೂ ಗೊತ್ತಿರಲಿಲ್ಲ. ಹೆಬ್ಬೆರಳಿನ ಭಾರ ಎಲ್ಲಿಗೆ ಹೋಯ್ತು ಅನ್ನೋ ಲೆಕ್ಕ ನಿಮಗೀಗ ಗೊತ್ತು.

ಇಂಥ ಕಡೆ ಕೆಲವೊಮ್ಮೆ ಬಹಳ ಸಣ್ಣ ಕೆಲಸ ಸಾಕಾಗುತ್ತೆ. ಬಾಗಿದ ಆದ್ರೆ ಸೆಟೆಯದ ಬೆರಳಿನ ತುದಿಯಲ್ಲಿ ಹುಣ್ಣಾದ್ರೆ, ಸ್ಥಳೀಯ ಅರಿವಳಿಕೆ ಕೊಟ್ಟು, ಸಣ್ಣ ರಂಧ್ರದಿಂದ ಕೆಳಕ್ಕೆ ಎಳೆಯೋ ಟೆಂಡನ್ ಮಾತ್ರ ಕತ್ತರಿಸ್ತಾರೆ. ಬೆರಳು ನೇರವಾಗುತ್ತೆ, ತುದಿ ನೆಲಕ್ಕೆ ಕುಟ್ಟೋದು ನಿಲ್ಲುತ್ತೆ, ಹುಣ್ಣು ಮಾಯೋಕೆ ದಾರಿಯಾಗುತ್ತೆ. ಮಧುಮೇಹಿ ಪಾದದ ಅಂತರರಾಷ್ಟ್ರೀಯ ಮಾರ್ಗಸೂಚಿಗಳೂ ಇದನ್ನ ಶಿಫಾರಸು ಮಾಡ್ತವೆ. ಪಾದಕ್ಕೆ ರಕ್ತ ಸರಿಯಾಗಿ ಬರ್ತಿದೆಯಾ ಅಂತ ಮೊದಲು ನೋಡಬೇಕು, ಅಷ್ಟೆ. ಜಯನಗರದಲ್ಲೇ ಮೂಳೆಗೆ ಸರ್ಕಾರಿ ಸಂಜಯ್ ಗಾಂಧಿ ಆಸ್ಪತ್ರೆ ಇದೆ. ಮೊದಲು ಡಯಾಬಿಟಾಲಜಿ ಇನ್‌ಸ್ಟಿಟ್ಯೂಟ್ ಅಂತಿದ್ದ ಕರ್ನಾಟಕ ಎಂಡೋಕ್ರೈನಾಲಜಿ ಸಂಸ್ಥೆಯೂ ಇದೆ, ಅದರಲ್ಲಿ ಪಾದ ಚಿಕಿತ್ಸೆಗೇ ಪೋಡಿಯಾಟ್ರಿ ವಿಭಾಗ ಇದೆ.

ಈ ಚರಿತ್ರೆಯಿಂದ ನಮಗೇನು?

ನೋವಿಲ್ಲದ ಓರೆ ಬೆರಳನ್ನ ಬರೀ ಚಂದಕ್ಕೆ ಅಂತ ಕೊಯ್ಯಿಸ್ಕೋಬೇಡಿ. ನೂರು ಆಪರೇಷನ್‌ಗಳ ಚರಿತ್ರೆ ಹೇಳೋದು ಅದನ್ನೇ. ನೋವಿದ್ರೆ ಮೊದಲು ಶೂ ಬದಲಿಸಿ, ಆಮೇಲೂ ಹೋಗದಿದ್ರೆ ಸರ್ಜನ್ ಹತ್ತಿರ ಹೋಗಿ. ಭಾರ ಎಲ್ಲಿಗೆ ವರ್ಗವಾಗುತ್ತೆ, ಎಷ್ಟು ವಾರ ಕಾಲೂರಬಾರದು, ಮತ್ತೆ ಓರೆಯಾದ್ರೆ ಏನು, ಈ ಮೂರು ಪ್ರಶ್ನೆ ಕೇಳಿ.

ಮಕ್ಕಳಿಗೆ ಜೂನ್‌ನಲ್ಲಿ ಶಾಲೆ ಶೂ ಕೊಳ್ಳುವಾಗ ಹಾಳೆ ಮೇಲೆ ನಿಲ್ಲಿಸಿ ಪಾದದ ಸುತ್ತ ಪೆನ್ಸಿಲ್ ಎಳೆಯಿರಿ. ಆ ಚಿತ್ರವನ್ನ ಕತ್ತರಿಸಿ ಅಂಗಡಿಗೆ ಒಯ್ದು ಶೂ ಒಳಗೆ ಇಡಿ. ಕಾಗದ ಮಡಿಸಿಕೊಂಡ್ರೆ ಬೆರಳೂ ಮಡಿಸಿಕೊಳ್ಳುತ್ತೆ. ಮನೆಗೆ ಬಂದ ಮೇಲೆ ಬರಿಗಾಲಲ್ಲಿ ಆಡೋಕೆ ಬಿಡಿ.

ಮನೆಯಲ್ಲಿ ಶುಗರ್ ಇರೋ ಹಿರಿಯರಿದ್ರೆ ರಾತ್ರಿ ಮಲಗೋ ಮುಂಚೆ ಅವರ ಪಾದ ನೀವೇ ನೋಡಿ. ಬೆರಳ ಸಂದಿ, ತುದಿ, ಅಂಗಾಲು. ಅವರಿಗೆ ನೋವು ತಿಳಿಯಲ್ಲ, ನಿಮಗೆ ಕಣ್ಣಿದೆ. ನಮ್ಮಲ್ಲಿ ಹಿರಿಯರ ಪಾದ ಮುಟ್ಟಿ ನಮಸ್ಕಾರ ಮಾಡೋ ಪದ್ಧತಿ ಇದ್ದೇ ಇದೆ. ಮುಟ್ಟುವಾಗ ಒಂದು ಕ್ಷಣ ನೋಡಿದ್ರೂ ಸಾಕು, ಒಂದು ಬೆರಳು ಉಳಿಯಬಹುದು.